ಒಂದು ಲೀಟರ್ ಬಾಟ್ಲಿ

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ನನಗೆ ಬೆಳೆದಿದ್ದ ಗಡ್ಡೆಯನ್ನು ಬೆಂಗಳೂರಿನಲ್ಲಿ ಮೂಗಿನ ದಾರಿಯಿಂದ ತೆಗೆದರು. ಜೋರಾಗಿ ಸೀನಬಾರದು, ಬಗ್ಗಿ ಭಾರ ಎತ್ತಬಾರದು ಅಂದದ್ದೆಲ್ಲ ಪಾಲಿಸಿದೆ. ಕೈ ಕೊಟ್ಟದ್ದು ನೀರು.

ಮೊದಲೆರಡು ದಿನ ವಿಪರೀತ ಬಾಯಾರಿಕೆ. ದಿನಕ್ಕೆ ಆರು ಲೀಟರ್ ಮೂತ್ರ, ಬಾವಿ ನೀರಿನಷ್ಟು ತಿಳಿ. ಮೈಯಲ್ಲಿ ನೀರು ಹಿಡಿದಿಡುವ ಹಾರ್ಮೋನ್ ಪಿಟ್ಯುಟರಿಯ ಹಿಂಭಾಗದಿಂದ ಬರುತ್ತದೆ, ಅದಕ್ಕೆ ಪೆಟ್ಟಾಗಿತ್ತು. ರಕ್ತದಲ್ಲಿ 135ರಿಂದ 145 ಇರಬೇಕಾದ ಸೋಡಿಯಂ, ಅಂದರೆ ಉಪ್ಪಿನಂಶ, 148. ಆ ಹಾರ್ಮೋನಿನ ಕೆಲಸ ಮಾಡುವ ಔಷಧಿ ಡೆಸ್ಮೋಪ್ರೆಸ್ಸಿನ್ ಎರಡು ಸಲ ಕೊಟ್ಟ ಮೇಲೆ ಹತೋಟಿಗೆ ಬಂತು. ಐದನೇ ದಿನ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದೆ.

ನಮ್ಮ ಕಡೆ ಗೊತ್ತಲ್ವಾ, ಯಾರೇ ಬಂದರೂ ಮೊದಲ ಮಾತು "ಆಸರಿಗೆ ಎಂತ ಬೇಕು?" ನೋಡಲು ಬಂದವರ ಜೊತೆ ನನಗೂ ಒಂದು ಲೋಟ. ಮಜ್ಜಿಗೆ, ಕಷಾಯ, ಎಳನೀರು. "ಆಪರೇಷನ್ ಆದ ಮೈ, ಉಷ್ಣ ಆಗಿರ್ತದೆ, ನೀರು ಚೆನ್ನಾಗಿ ಕುಡಿಯೋ" ಅಂದರು ಚಿಕ್ಕಮ್ಮ. ಕುಡಿದೆ. ಏಳನೇ ದಿನ ಸೋಡಿಯಂ ನೋಡಿಸಿ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿತ್ತು. ಆರಾಮಿದ್ದೇನಲ್ಲ, ಸುಮ್ನೆ ಯಾಕೆ ಅಂತ ಬಿಟ್ಟೆ.

ಎಂಟನೇ ದಿನ ತಲೆನೋವು, ವಾಕರಿಕೆ. ಊಟ ಸೇರುತ್ತಿಲ್ಲ, ಆದರೂ ಅಡಿಕೆ ತೂಗುವ ಕಾಟದ ಮೇಲೆ ನಿಂತರೆ ಮೂರು ದಿನಕ್ಕೆ ಒಂದೂವರೆ ಕೆಜಿ ಜಾಸ್ತಿ! ಮಗಳ ಹೆಸರಿಗೆ ತಡವರಿಸಿದ್ದು ನೋಡಿ ಹೆಂಡತಿ ಶಿವಮೊಗ್ಗಕ್ಕೆ ಕಾರು ಹೊರಡಿಸಿದಳು. ಸೋಡಿಯಂ 124.

ಪೆಟ್ಟಾದ ಗ್ರಂಥಿ ಒಳಗಿದ್ದ ಹಾರ್ಮೋನನ್ನು ಒಮ್ಮೆಲೇ ಸೋರಿಸಿಬಿಟ್ಟಿತ್ತಂತೆ. ಕುಡಿದ ನೀರೆಲ್ಲ ಮೈಯಲ್ಲೇ. ಉಪ್ಪಿನಕಾಯಿ ನೆಕ್ಕು ಅಂದವರೂ ಇದ್ದರು. ಸಾರಿಗೆ ನೀರು ಹೊಯ್ದ ಹಾಗಾಗಿತ್ತು ರಕ್ತ, ಉಪ್ಪಿನಕಾಯಿ ಏನು ಮಾಡೀತು? ಕಾರ್ಟಿಸೋಲ್ ಅನ್ನೋ ಇನ್ನೊಂದು ಹಾರ್ಮೋನ್ ಇಳಿದರೂ ಹೀಗಾಗುತ್ತದಂತೆ, ಅದನ್ನೂ ನೋಡಿದರು, ಸರಿಯಿತ್ತು. 3 ಪರ್ಸೆಂಟ್ ಸಲೈನನ್ನು, ಅಂದರೆ ಗಟ್ಟಿ ಉಪ್ಪುನೀರನ್ನು, ನರಕ್ಕೆ ನಿಧಾನಕ್ಕೆ ಬಿಟ್ಟರು. ಬೇಗ ಏರಿಸಿದರೆ ಮಿದುಳಿಗೇ ಪೆಟ್ಟು, ಸೋಡಿಯಂ ದಿನಕ್ಕೆ 8ರ ಮೇಲೆ ಏರದ ಹಾಗೆ ನೋಡಿಕೊಂಡರು.

ಮನೆಗೆ ಕಳಿಸುವಾಗ ದಿನಕ್ಕೆ ಒಂದೇ ಲೀಟರ್ ಅಂದರು. ಲೆಕ್ಕ ಇಡಲು ಹೆಂಡತಿ ಕಂಡುಕೊಂಡ ಉಪಾಯ ಇದು: ಬೆಳಿಗ್ಗೆ ಒಂದು ಲೀಟರ್ ಬಾಟ್ಲಿ ತುಂಬಿಸಿಡುವುದು. ನಾನು ಕಾಫಿ ಕುಡಿದರೆ ಅದೇ ಲೋಟದಷ್ಟು ನೀರನ್ನು ಬಾಟ್ಲಿಯಿಂದ ತುಳಸಿಗೆ ಹೊಯ್ಯುವುದು. ಗಂಜಿ ತಿಳಿಗೂ ಹಾಗೇ. ಬಾಟ್ಲಿ ಖಾಲಿಯಾದರೆ ಅವತ್ತಿಗೆ ಮುಗಿಯಿತು. ಮೊದಲ ದಿನ ಮಧ್ಯಾಹ್ನ ಮೂರಕ್ಕೇ ಮುಗಿದಿತ್ತು! ಈ ಮಿತಿ ಡಾಕ್ಟರು ಹೇಳಿದರೆ ಮಾತ್ರ. ಆಪರೇಷನ್ ಆದ ಮೊದಲೆರಡು ದಿನ ಹೀಗೆ ಮಾಡಿದ್ದರೆ ಒಣಗಿಹೋಗುತ್ತಿದ್ದೆ.

ಹತ್ತು ದಿನಕ್ಕೆ 137 ಬಂತು, ಮಿತಿ ತೆಗೆದರು. ಶಿವಮೊಗ್ಗದಿಂದ ವಾಪಸ್ ಬರುವಾಗ ಮಂಡಗದ್ದೆಯಲ್ಲಿ ಕಾರು ನಿಲ್ಲಿಸಿ ಒಂದು ಎಳನೀರು ಕುಡಿದೆ. ಎರಡನೆಯದಕ್ಕೆ ಹೆಂಡತಿ ಬಿಡಲಿಲ್ಲ.