ಸರ್ಕಾರಿ ಜಾಲಕ್ಕೆ ಕಾರ್ಡ್ ಲಾಗಿನ್: ಪಾಸ್‌ವರ್ಡ್‌ನ ಹಿಂಬಾಗಿಲು ಮುಚ್ಚುವುದು ಹೇಗೆ?

ಸಿಬ್ಬಂದಿಗೆಲ್ಲ ಚಿಪ್ ಕಾರ್ಡ್ ಹಂಚಿ, ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಖಾನೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ಈ ಕೆಲಸದಲ್ಲಿ ಪದೇ ಪದೇ ಕಾಣುವ ಎಡವಟ್ಟು. ಅಮೆರಿಕದ ಸರ್ಕಾರಿ ನೌಕರರಿಗೆ ಏಕರೂಪದ ಗುರುತಿನ ಕಾರ್ಡ್ ಕಡ್ಡಾಯಗೊಳಿಸುವ ಆದೇಶಕ್ಕೆ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ್ದು 2004ರ ಆಗಸ್ಟ್‌ನಲ್ಲಿ. ಅದಾಗಿ ದಶಕ ಕಳೆದ ಮೇಲೂ ಗುತ್ತಿಗೆದಾರ ಸಂಸ್ಥೆಯೊಂದರ ಲಾಗಿನ್ ವಿವರ ಬಳಸಿ ಅಲ್ಲಿನ ಸಿಬ್ಬಂದಿ ನಿರ್ವಹಣಾ ಕಚೇರಿಯ ಜಾಲಕ್ಕೆ ನುಗ್ಗಿದವರು ಸುಮಾರು 2.15 ಕೋಟಿ ಜನರ ಹಿನ್ನೆಲೆ ತನಿಖೆಯ ವಿವರಗಳನ್ನೂ 56 ಲಕ್ಷ ಜನರ ಬೆರಳಚ್ಚುಗಳನ್ನೂ ಕದ್ದಿದ್ದು 2015ರಲ್ಲಿ ಬಯಲಾಯಿತು.

ಮೊದಲ ಹಂತ, ವ್ಯಕ್ತಿ ಯಾರೆಂದು ಖಚಿತಪಡಿಸಿಕೊಳ್ಳುವುದು. ಎರಡು ಗುರುತಿನ ದಾಖಲೆ, ಬೆರಳಚ್ಚು, ಹಿನ್ನೆಲೆ ಪರಿಶೀಲನೆ ಇವಿಷ್ಟೂ ಆಗಬೇಕು. ಒಬ್ಬನೇ ಅಧಿಕಾರಿ ತಾನೊಬ್ಬನೇ ಕಾರ್ಡ್ ಕೊಟ್ಟುಬಿಡಲು ಸಾಧ್ಯವಾಗುವಂತೆ ವ್ಯವಸ್ಥೆ ಇರಕೂಡದು.

ಎರಡನೆಯದು ಕಾರ್ಡ್ ಸಿದ್ಧಪಡಿಸುವುದು. ಲಾಗಿನ್‌ಗೆ ಬಳಸುವ ಖಾಸಗಿ ಕೀ (ಕಾರ್ಡ್ ಅಸಲಿಯೆಂದು ಸಾಬೀತುಪಡಿಸುವ ಗುಪ್ತ ಸಂಖ್ಯೆ) ಚಿಪ್‌ನೊಳಗೇ ಹುಟ್ಟಬೇಕು, ಅದರ ಪ್ರತಿ ಎಲ್ಲಿಯೂ ಇರಬಾರದು. ಇಮೇಲ್ ಗೂಢಲಿಪಿ ಬಿಡಿಸುವ ಕೀಯ ಪ್ರತಿಯನ್ನು ಮಾತ್ರ ಸುರಕ್ಷಿತವಾಗಿ ತೆಗೆದಿಡಬೇಕು. ಇಲ್ಲವಾದರೆ ಕಾರ್ಡ್ ಹಾಳಾದ ದಿನವೇ ಹಳೆಯ ಪತ್ರಗಳೆಲ್ಲ ಓದಲಾಗದಂತಾಗುತ್ತವೆ. ಪಿನ್ ಕೆಲವು ಬಾರಿ ತಪ್ಪಾದೊಡನೆ ಕಾರ್ಡ್ ಲಾಕ್ ಆಗಲಿ.

ಕಷ್ಟವಿರುವುದು ಮೂರನೆಯ ಹಂತದಲ್ಲಿ, ಅಂದರೆ ಪಾಸ್‌ವರ್ಡ್ ನಿಲ್ಲಿಸುವಲ್ಲಿ. ಅಡ್ಮಿನ್ ಖಾತೆಗಳಿಂದಲೇ ಆರಂಭಿಸಿ, ಏಕೆಂದರೆ ಅವುಗಳಲ್ಲಿ ಒಂದು ಕೈತಪ್ಪಿದರೂ ಇಡೀ ಜಾಲ ಕೈತಪ್ಪುತ್ತದೆ. ಜಾಲದ ಖಾತೆಗಳನ್ನೆಲ್ಲ ಒಂದೆಡೆ ನಿರ್ವಹಿಸುವ ವಿಂಡೋಸ್ ಆಕ್ಟಿವ್ ಡೈರೆಕ್ಟರಿಯಲ್ಲಿ ಖಾತೆಗೆ ‘ಸ್ಮಾರ್ಟ್ ಕಾರ್ಡ್ ಕಡ್ಡಾಯ’ ಎಂದು ಗುರುತು ಹಾಕಿದೊಡನೆ ಸರ್ವರ್ ಯಾರಿಗೂ ತಿಳಿಯದ ಪಾಸ್‌ವರ್ಡ್ ಒಂದನ್ನು ತಾನೇ ಇಡುತ್ತದೆ, ಬಹುತೇಕರು ಕೆಲಸ ಮುಗಿಯಿತೆಂದು ಅಲ್ಲಿಗೇ ಬಿಡುತ್ತಾರೆ. ಆದರೆ ಆ ಪಾಸ್‌ವರ್ಡ್‌ನ ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕಹಾಕಿ ಇಟ್ಟ ಸಂಕೇತ) ಸರ್ವರ್‌ನಲ್ಲಿ ಉಳಿದೇ ಇರುತ್ತದೆ, ಅದನ್ನು ಕದ್ದವನಿಗೆ ಕಾರ್ಡೂ ಬೇಡ, ಪಿನ್ನೂ ಬೇಡ. ಆದ್ದರಿಂದ ಆ ಹ್ಯಾಶ್ ಆಗಾಗ ಬದಲಾಗುವ ವ್ಯವಸ್ಥೆ ಮಾಡಿ. ವಿಂಡೋಸ್ ಸರ್ವರ್ 2016 ಮಟ್ಟದ ಡೊಮೇನ್‌ನಲ್ಲಿ (ಒಂದೇ ಆಡಳಿತದಡಿಯ ಖಾತೆ, ಕಂಪ್ಯೂಟರ್‌ಗಳ ಗುಂಪು) ಇದನ್ನು ತಾನಾಗಿಯೇ ನಡೆಯುವಂತೆ ಹೊಂದಿಸಬಹುದು. ಆಮೇಲೆ ಹೊರಗಿನಿಂದ ಕಚೇರಿ ಜಾಲ ಸೇರುವ ವಿಪಿಎನ್, ವೆಬ್‌ಮೇಲ್, ಹಳೆಯ ಲೆಕ್ಕಪತ್ರ ತಂತ್ರಾಂಶ ಹೀಗೆ ಪ್ರತಿಯೊಂದಕ್ಕೂ ಕಾರ್ಡ್ ಇಲ್ಲದೆ ನೀವೇ ಲಾಗಿನ್ ಆಗಲು ಯತ್ನಿಸಿ ನೋಡಿ. ಎಲ್ಲೋ ಒಂದು ಕಡೆ ಒಳಗೆ ಬಿಟ್ಟೇ ಬಿಡುತ್ತದೆ.

ಇದೇ ಹಂತದಲ್ಲಿ ‘ಕಾರ್ಡ್ ಮನೆಯಲ್ಲಿ ಮರೆತೆ’ ಎನ್ನುವವರ ಸಾಲೂ ಆರಂಭವಾಗುತ್ತದೆ. ಫೋನಿನಲ್ಲಿ ಕೇಳಿದೊಡನೆ ಪಾಸ್‌ವರ್ಡ್ ಕೊಡುವ ಸಹಾಯವಾಣಿ ಇದ್ದರೆ ಮೇಲಿನ ಶ್ರಮವೆಲ್ಲ ನೀರುಪಾಲು. ಅಂಥವರು ಖುದ್ದಾಗಿ ಬಂದು ಗುರುತು ತೋರಿಸಿ, ಅಂದೇ ಅವಧಿ ಮುಗಿಯುವ ತಾತ್ಕಾಲಿಕ ಕಾರ್ಡ್ ಪಡೆಯಬೇಕು. ಮೇಲಧಿಕಾರಿಗೂ ಇದೇ ನಿಯಮ ಅನ್ವಯಿಸಲಿ, ಏಕೆಂದರೆ ವಿನಾಯಿತಿ ಕೇಳುವವರಲ್ಲಿ ಮೊದಲಿಗರು ಅವರೇ.

ಕಾರ್ಡ್ ಬದಲು ಎಸ್‌ಎಂಎಸ್ ಒಟಿಪಿ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ನಕಲಿ ಲಾಗಿನ್ ಪುಟದಲ್ಲಿ ನೌಕರ ಒಟಿಪಿ ಬರೆದ ಕ್ಷಣದಲ್ಲೇ ವಂಚಕ ಅದನ್ನು ಅಸಲಿ ಪುಟಕ್ಕೆ ದಾಟಿಸುತ್ತಾನೆ. ಫೋನಿಗೆ ಬರುವ ‘ಒಪ್ಪಿಗೆ’ ಗುಂಡಿಯನ್ನು ರಾತ್ರಿಯಿಡೀ ಮತ್ತೆ ಮತ್ತೆ ಕಳಿಸಿದರೆ ಬೇಸತ್ತು ಒತ್ತುವವರೂ ಉಂಟು. 2022ರ ಜನವರಿಯಲ್ಲಿ ಅಮೆರಿಕ ಸರ್ಕಾರ ತನ್ನ ಸಿಬ್ಬಂದಿಯ ಲಾಗಿನ್‌ಗೆ ಇವೆರಡನ್ನೂ ಕೈಬಿಡುವಂತೆ ಇಲಾಖೆಗಳಿಗೆ ಸೂಚಿಸಿತು. ಕಾರ್ಡ್ ಓದದ ಸಾಧನಗಳಿಗೆ ಫೈಡೋ ಮಾದರಿಯ ಭದ್ರತಾ ಕೀ (ಲಾಗಿನ್‌ಗೆ ಬಳಸುವ ಪುಟ್ಟ ಸಾಧನ) ಕೊಡಿ. ಅದು ನಕಲಿ ವಿಳಾಸಕ್ಕೆ ಉತ್ತರಿಸುವುದೇ ಇಲ್ಲ.

ಕೊನೆಯದಾಗಿ ರದ್ದತಿ. ಕಳೆದುಹೋದ ಅಥವಾ ನೌಕರಿ ಬಿಟ್ಟವರ ಕಾರ್ಡನ್ನು ಸುದ್ದಿ ಬಂದ 18 ಗಂಟೆಯೊಳಗೆ ರದ್ದುಪಡಿಸಬೇಕೆಂಬುದು ಅಮೆರಿಕದ ಸರ್ಕಾರಿ ಗುರುತಿನ ಕಾರ್ಡ್‌ಗಳಿಗಿರುವ ಫಿಪ್ಸ್ 201 ಮಾನದಂಡದ ಗಡುವು. ಒಂದು ಗಂಟೆಯೊಳಗೇ ಮಾಡಿ ಎಂಬುದು ನನ್ನ ಸಲಹೆ. ರದ್ದಾದವುಗಳ ಪಟ್ಟಿ ಸಿಗದಿದ್ದಾಗ ಸರ್ವರ್ ಏನು ಮಾಡುತ್ತದೆಂದು ನೆಟ್‌ವರ್ಕ್ ತಂತಿ ಕಿತ್ತು ಪರೀಕ್ಷಿಸಿ. ಪಟ್ಟಿ ನೋಡದೆಯೇ ಒಳಗೆ ಬಿಟ್ಟರೆ, ಆ ಸೆಟ್ಟಿಂಗ್ ಬದಲಿಸುವವರೆಗೆ ಹೊಸ ಕಾರ್ಡ್ ಹಂಚಬೇಡಿ.