ನಾಳೆಯ ಸೆನ್ಸರ್‌ಗೆ ಅಂತ ತಂದ ಲೆನ್ಸ್

2009ರಲ್ಲಿ ನಿಕಾನ್ ಡಿ90 ತಗೊಂಡೆ. ಹಾಸನದಲ್ಲಿ ಮದುವೆ ಫೋಟೋ ತೆಗೆಯೋದು ನನ್ನ ಹೊಟ್ಟೆಪಾಡು. ಬೇಲೂರು, ಹಳೇಬೀಡು ನನ್ನ ಹುಚ್ಚು. ಕ್ಯಾಮೆರಾ ಏನೋ ಬಂತು, ಯಾವ ಲೆನ್ಸ್ ಅನ್ನೋದರಲ್ಲೇ ತಿಂಗಳುಗಟ್ಟಲೆ ಒದ್ದಾಡಿದೆ.

ಡಿ90ರ ಸೆನ್ಸರ್, ಅಂದರೆ ಫಿಲಂ ಬದಲು ಬೆಳಕು ಹಿಡಿಯೋ ಚಿಪ್, ಸುಮಾರು 24×16 ಮಿ.ಮೀ. ಈ ಚಿಕ್ಕ ಅಳತೆಗೆ ನಿಕಾನ್ ಇಟ್ಟ ಹೆಸರು ಡಿಎಕ್ಸ್. ಫಿಲಂ ಅಳತೆ 36×24. 2007ರಲ್ಲಿ ಡಿ3, ಮರುವರ್ಷ ಡಿ700 ಬಂದಿದ್ದವು, ಎರಡೂ ಫುಲ್ ಫ್ರೇಮ್, ಅಂದರೆ ಸೆನ್ಸರ್ ಫಿಲಂನಷ್ಟೇ ದೊಡ್ಡದು. ಚಿಕ್ಕ ಸೆನ್ಸರ್ ಉಳಿಯುತ್ತಾ, ಹೋಗುತ್ತಾ ಅಂತ ಎಲ್ಲರಿಗೂ ಅನುಮಾನ. "ಡಿಎಕ್ಸ್ ಲೆನ್ಸ್‌ಗೆ ದುಡ್ಡು ಹಾಕಬೇಡ ಕಣಪ್ಪ, ನಾಳೆ ಯಾರೂ ಕೇಳಲ್ಲ" ಅಂದರು ಫಿಲಂ ಕಾಲದಿಂದ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರೊಬ್ಬರು. ಮುಂದೆ ಫುಲ್ ಫ್ರೇಮ್‌ಗೂ ಆಗುತ್ತೆ ಅಲ್ವಾ ಅಂತ ಫಿಲಂ ಕಾಲದ 20 ಎಂಎಂ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ.

ಅದನ್ನು ಹಿಡಿದು ಬೇಲೂರಿಗೆ ಹೋದೆ. ಚೆನ್ನಕೇಶವ ದೇವಸ್ಥಾನದ ನವರಂಗದ ನಡುವೆ ನಾಲ್ಕು ಕಂಬ, ಮೇಲೆ ನಾಲ್ಕು ಮದನಿಕೆಯರು. ನಾಲ್ವರೂ ಛತ್ತಿನ ಸಮೇತ ಒಂದೇ ಚಿತ್ರದಲ್ಲಿ ಬರಬೇಕು ಅನ್ನೋದು ನನ್ನ ಆಸೆ. ಎಂಎಂ ಕಮ್ಮಿ ಇದ್ದಷ್ಟೂ ನೋಟ ಅಗಲ. ಆದರೆ ಚಿಕ್ಕ ಸೆನ್ಸರ್ ಲೆನ್ಸಿನ ಚಿತ್ರದ ನಡುಭಾಗ ಮಾತ್ರ ಹಿಡಿಯುತ್ತೆ, ಹಾಗಾಗಿ ಡಿ90ರಲ್ಲಿ 20 ಎಂಎಂ ಅಂದರೆ ಫಿಲಂ ಲೆಕ್ಕದ 30 ಎಂಎಂ. ಹಿಂದೆ ಸರಿದೆ. ಇನ್ನೂ ಸರಿದೆ. ಬೆನ್ನಿಗೆ ಕಂಬ ತಾಗಿತು, ತಣ್ಣಗೆ. ಇಬ್ಬರು ಪೂರ್ತಿ ಸಿಕ್ಕರೆ ಮೂರನೆಯವಳ ಕೈ ಹೊರಗೆ. ಎಂದೋ ಬರೋ ಕ್ಯಾಮೆರಾಗೆ ಅಂತ ತಂದ ಲೆನ್ಸ್ ಇವತ್ತಿನ ಚಿತ್ರ ಕೊಡಲಿಲ್ಲ.

ಅದನ್ನು ಮಾರಿ ಟೋಕಿನಾ ಕಂಪನಿಯ 11-16 ಎಂಎಂ ಎಫ್2.8 ಜೂಮ್ ಲೆನ್ಸ್ ತಗೊಂಡೆ. ಡಿಎಕ್ಸ್‌ಗೆಂದೇ ಮಾಡಿದ್ದು. ನಾಲ್ವರೂ ಸಿಕ್ಕರು.

ಅಂದಿನಿಂದ ನನ್ನ ಲೆಕ್ಕ ಬೇರೆ. ವೈಡ್, ಅಂದರೆ ಅಗಲ ನೋಟದ ಲೆನ್ಸ್ ಬೇಕಾ, ಈಗ ಕೈಯಲ್ಲಿರೋ ಸೆನ್ಸರ್‌ಗೆ ತಗೋ. 50, 85ರಂಥವು ಮಾತ್ರ ಫುಲ್ ಫ್ರೇಮಿನವೇ ಇರಲಿ. ನನ್ನ 85 ಎಫ್1.8ಡಿ ಡಿ90ರಲ್ಲಿ ಹೆಚ್ಚುಕಮ್ಮಿ 127 ಎಂಎಂ ಥರ ಕಾಣುತ್ತಿತ್ತು. ಮಾಂಗಲ್ಯಧಾರಣೆ ಹೊತ್ತಿಗೆ ಮಂಟಪದ ಸುತ್ತ ನೆಂಟರು ಮುತ್ತಿಕೊಂಡಾಗ ದೂರ ನಿಂತೇ ಮುಖ ಹಿಡಿಯೋಕೆ ಅದಕ್ಕಿಂತ ಒಳ್ಳೇದು ಇರಲಿಲ್ಲ.

2013ರಲ್ಲಿ ಹಳೇ ಡಿ700 ಸಿಕ್ಕಿತು. 85 ನೇರ ಕೂತಿತು. ಟೋಕಿನಾ 16ರಲ್ಲಿ ಫ್ರೇಮ್ ತುಂಬುತ್ತೆ, 11ಕ್ಕೆ ತಿರುಗಿಸಿದರೆ ಸುತ್ತ ಕಪ್ಪು. ಡಿಎಕ್ಸ್ ಕ್ರಾಪ್‌ಗೆ, ಅಂದರೆ ಸೆನ್ಸರಿನ ನಡುಭಾಗ ಮಾತ್ರ ಬಳಸೋ ಹಾಗೆ ಹಾಕಿದರೆ 12 ಮೆಗಾಪಿಕ್ಸೆಲ್ ಇದ್ದದ್ದು 5ಕ್ಕೆ ಇಳಿಯುತ್ತೆ. ಹಾಗಾಗಿ ಡಿ90 ಮಾರಲಿಲ್ಲ, ಟೋಕಿನಾ ಅದರಲ್ಲೇ ಇದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಹಳೇ ಲೆನ್ಸ್ ಕೊಳ್ಳುವಾಗ ಸೆನ್ಸರ್‌ಗಿಂತ ಮೊದಲು ಫಂಗಸ್ ನೋಡಿ. ಹಿಂದಿನಿಂದ ಟಾರ್ಚ್ ಬಿಟ್ಟರೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಕಾಣುತ್ತೆ. ಸಕಲೇಶಪುರದ ಮಳೆಗಾಲದಲ್ಲಿ ಬ್ಯಾಗಲ್ಲೇ ಬಿಟ್ಟು ನಾನು ಒಂದು 50 ಎಂಎಂ ಕಳೆದುಕೊಂಡೆ. ಈಗ ಗಾಳಿ ಆಡದ ಡಬ್ಬ, ಒಳಗೆ ತೇವ ಹೀರೋ ಸಿಲಿಕಾ ಜೆಲ್.

ಇಷ್ಟೆಲ್ಲ ಸೆನ್ಸರ್ ಅಳತೆಗೆ ತಲೆ ಕೆಡಿಸಿಕೊಂಡೆ, ಬದಲಾದದ್ದು ಮೌಂಟ್, ಲೆನ್ಸ್ ಕ್ಯಾಮೆರಾಗೆ ಕೂರೋ ಬಾಯಿ! 2018ರಲ್ಲಿ ಹೊಸ ಮೌಂಟಿನ ನಿಕಾನ್ ಝಡ್ ಕ್ಯಾಮೆರಾಗಳು ಬಂದವು. ನಿಕಾನಿನ ಅಡಾಪ್ಟರ್ ಹಾಕಿದರೆ ನನ್ನ 85 ಕೂರುತ್ತೆ, ಆದರೆ ಆಟೋಫೋಕಸ್ ಇಲ್ಲ. ಫೋಕಸ್ ತಿರುಗಿಸೋ ಮೋಟರ್ ಈ ಲೆನ್ಸಲ್ಲೂ ಇಲ್ಲ, ಅಡಾಪ್ಟರಲ್ಲೂ ಇಲ್ಲವಲ್ಲ. ಡಿಎಕ್ಸ್ ಮಾತ್ರ ಝಡ್‌ನಲ್ಲೂ ಇದೆ. ಮದುವೆಗೆ ಈಗಲೂ 85 ಜೊತೆ ಡಿ700 ಒಯ್ಯುತ್ತೇನೆ. ಬೇಲೂರಿಗೆ ಡಿ90.