ಕಾಲು ಉಳುಕಿತೇ? ಶೂ ಒಳಗಿನ ಅಟ್ಟೆಯನ್ನೂ ಒಮ್ಮೆ ನೋಡಿ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಆದರೆ ಕಾಲಿಗೆ ಅಪಾಯ ಇರೋದು ಇಳಿಯುವಾಗ. ಇಳಿಯುವಾಗ ಬೆರಳ ತುದಿ ಮೊದಲು ಕೆಳಗೆ ಹೋಗುತ್ತದೆ. ಪಾದ ಹಾಗೆ ಕೆಳಮುಖವಾದಾಗ ಗಿಣ್ಣಿನ ಕೀಲು ಸ್ವಲ್ಪ ಸಡಿಲ. ಸವೆದ ಕಲ್ಲಿನ ಅಂಚು ಸಿಕ್ಕರೆ ಅಂಗಾಲು ಒಳಕ್ಕೆ ಮಗುಚಿಕೊಂಡು, ಮೈಭಾರವೆಲ್ಲ ಹೊರಪಕ್ಕದ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ನಾರು) ಮೇಲೆ ಬೀಳುತ್ತದೆ. ಅದು ಹಿಗ್ಗಿದರೆ ಅಥವಾ ಹರಿದರೆ ನಾವು ಉಳುಕು ಅನ್ನುತ್ತೇವೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೇರು ತುಳಿದರೂ, ಫುಟ್‌ಪಾತಿನಲ್ಲಿ ಅಲುಗಾಡುವ ಚಪ್ಪಡಿ ತುಳಿದರೂ ಆಗೋದು ಇದೇ.

ಇತ್ತೀಚೆಗೆ ಕಾಲು ಉಳುಕಿದವರೆಲ್ಲ ಇನ್‌ಸೋಲ್, ಅಂದರೆ ಶೂ ಒಳಗೆ ಹಾಕುವ ಅಟ್ಟೆ, ಕೇಳಿಕೊಂಡು ಅಂಗಡಿಗೆ ಹೋಗುತ್ತಾರೆ. ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅದರ ಸರದಿ ಬರೋದು ಆಮೇಲೆ.

ಮೊದಲು ಮೂಳೆ ನೋಡಿ

ಉಳುಕೋ ಮುರಿತವೋ ಅಂತ ತಿಳಿಯಲು ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಒಂದು ಸುಲಭ ಪರೀಕ್ಷೆ ಪ್ರಕಟಿಸಿದರು. ಇವತ್ತಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಗಿಣ್ಣಿನ ಎರಡೂ ಪಕ್ಕ ಉಬ್ಬಿಕೊಂಡಿರುವ ಮೂಳೆಯ ತುದಿಯನ್ನು ಒತ್ತಿ. ಅಲ್ಲಿಂದ ಮೇಲಕ್ಕೆ ಸುಮಾರು 6 ಸೆಂಟಿಮೀಟರ್‌ವರೆಗೆ ಮೂಳೆಯ ಹಿಂದಿನ ಅಂಚನ್ನೂ ಒತ್ತುತ್ತಾ ಹೋಗಿ. ಪಾದದ ಹೊರ ಅಂಚಿನ ನಡುವೆ ಒಂದು ಮೂಳೆ ಕೈಗೆ ಸಿಗುತ್ತದೆ. ಒಳಪಕ್ಕದಲ್ಲಿ ಅಂಗಾಲಿನ ಕಮಾನಿನ ಮೇಲೂ ಒಂದಿದೆ. ಇಷ್ಟರಲ್ಲಿ ಎಲ್ಲಿ ಮೂಳೆಯೇ ನೋಯುತ್ತದೋ, ಅಥವಾ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಹಾಕಲು ಆಗುವುದಿಲ್ಲವೋ, ಎಕ್ಸ್‌ರೇ ಬೇಕು. ಪಾದ ಸೊಟ್ಟಗಾಗಿದ್ದರೆ ಅಥವಾ ಜೋಮು ಹಿಡಿದಿದ್ದರೆ ಈ ಪರೀಕ್ಷೆಯೆಲ್ಲ ಬೇಡ, ನೇರ ಆಸ್ಪತ್ರೆಗೆ ಹೊರಡಿ.

ಮೊದಲ ಎರಡು ಮೂರು ದಿನ ನೀವಿಸಬೇಡಿ

ನಮ್ಮ ಕಡೆ ಕಾಲು ಉಳುಕಿದ ತಕ್ಷಣ ಯಾರಾದರೂ ಎಣ್ಣೆ ಬಟ್ಟಲು ಹಿಡಿದು ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ, ಆದರೂ ಬೇಡ ಅನ್ನಿ. ಮೊದಲ ಎರಡು ಮೂರು ದಿನ ಒತ್ತಿ ನೀವುವುದು, ಬಿಸಿನೀರಿನ ಶಾಖ ಕೊಡುವುದು, ಎರಡರಿಂದಲೂ ಊತ ಜಾಸ್ತಿಯಾಗುತ್ತದೆ.

ಐಸನ್ನು ಟವೆಲಿನಲ್ಲಿ ಸುತ್ತಿ 15–20 ನಿಮಿಷ ಇಡಿ. ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಬಹುದು. ಇದು ನೋವು ಕಡಿಮೆ ಮಾಡುತ್ತದೆ, ಲಿಗಮೆಂಟನ್ನು ಕೂಡಿಸುವುದಿಲ್ಲ. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಶುರು ಮಾಡಿ ಗಿಣ್ಣಿನ ಮೇಲಕ್ಕೆ ಸುತ್ತಿ. ಬೆರಳು ನೀಲಿಯಾದರೆ ಅಥವಾ ತಣ್ಣಗಾದರೆ ಬಿಗಿ ಜಾಸ್ತಿಯಾಗಿದೆ, ಬಿಚ್ಚಿ. ಮಲಗಿದಾಗ ಕಾಲ ಕೆಳಗೆ ಎರಡು ದಿಂಬು ಇರಲಿ. ಹಾಗಂತ ವಾರಗಟ್ಟಲೆ ಮಂಚ ಹಿಡಿಯಬೇಕಾಗಿಲ್ಲ. ನೋವು ತಡೆಯುವಷ್ಟು ಆದ ಕೂಡಲೇ ಮೆಲ್ಲಗೆ ಕಾಲೂರಿ ನಡೆಯುವುದೇ ಒಳ್ಳೆಯದು.

ಈಗ ಇನ್‌ಸೋಲ್ ವಿಷಯ

ಊತ ಇಳಿದು ಶೂ ಹಿಡಿಸುವಂತಾದ ಮೇಲೆ ಮೊದಲು ಹಳೇ ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿಯ ಹೊರಮೂಲೆ ಸವೆದು ಶೂ ಒಂದು ಪಕ್ಕಕ್ಕೆ ವಾಲಿದೆಯಾ? ಹಿಮ್ಮಡಿ ಹಿಡಿಯುವ ಹಿಂಭಾಗವನ್ನು ಎರಡು ಬೆರಳಲ್ಲಿ ಅದುಮಿದರೆ ಸುಮ್ನೆ ಮಡಚಿಕೊಳ್ಳುತ್ತದಾ? ಹಾಗಿದ್ದರೆ ಅದಕ್ಕೆ ಎಷ್ಟು ದುಬಾರಿ ಇನ್‌ಸೋಲ್ ಹಾಕಿದರೂ ದಂಡ. ಶೂ ಬದಲಾಯಿಸಿ.

ಮುಂದಿನದು ನಿಮ್ಮ ಪಾದದ ಗುರುತು. ಹಳೇ ಮನೆಗಳ ಕೆಂಪು ಗಾರೆ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ಅಂಗಾಲು ಒದ್ದೆ ಮಾಡಿಕೊಂಡು ನೆಲದ ಮೇಲೆ ಒಂದು ಹೆಜ್ಜೆ ಇಟ್ಟು ತೆಗೆಯಿರಿ. ಇಡೀ ಅಂಗಾಲು ಮೂಡಿದರೆ ಚಪ್ಪಟೆ ಪಾದ. ಹಿಮ್ಮಡಿಗೂ ಮುಂಗಾಲಿಗೂ ನಡುವೆ ಹೊರಪಕ್ಕದಲ್ಲಿ ಸಣ್ಣ ಪಟ್ಟಿ ಮಾತ್ರ ಮೂಡಿದರೆ, ಅಥವಾ ಅದೂ ಇಲ್ಲದಿದ್ದರೆ, ಕಮಾನು ಎತ್ತರ. ಎತ್ತರದ ಕಮಾನಿನವರು ಮೊದಲೇ ಪಾದದ ಹೊರ ಅಂಚಿನ ಮೇಲೆ ನಡೆಯುತ್ತಿರುತ್ತಾರೆ. ಇವರಿಗೆ ಒಳಪಕ್ಕ ಗಟ್ಟಿಯಾಗಿ ಎತ್ತರಿಸಿದ ಇನ್‌ಸೋಲ್ ಕೊಟ್ಟರೆ ಪಾದ ಇನ್ನಷ್ಟು ಹೊರ ಅಂಚಿಗೆ ವಾಲಿ, ಉಳುಕುವ ಅಪಾಯ ಹೆಚ್ಚಬಹುದು. ಚಪ್ಪಟೆ ಪಾದದವರಿಗೆ ಹಿತವಾದದ್ದೇ ಇವರಿಗೆ ತೊಂದರೆ. ಎಲ್ಲರಿಗೂ ಒಂದೇ ಅಂತ ಮಾರುವ ಮಾಲನ್ನು ನಾನು ನಂಬದಿರುವುದು ಇದಕ್ಕೇ.

ಅಂಗಡಿಗೆ ಸಂಜೆ ಹೋಗಿ. ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ದಪ್ಪಗಾಗಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ದೇವರಾಜ ಅರಸು ರಸ್ತೆಯ ಅಂಗಡಿಗೆ ಹೋಗುವಾಗ, ಇನ್‌ಸೋಲ್ ಹಾಕಬೇಕೆಂದಿರುವ ಶೂವನ್ನೇ ಜೊತೆಗೆ ಒಯ್ಯಿರಿ. ಇನ್‌ಸೋಲಿನ ಹಿಮ್ಮಡಿ ಜಾಗ ಬಟ್ಟಲಿನಂತೆ ಆಳವಾಗಿರಲಿ. ಹಿಮ್ಮಡಿ ಅತ್ತಿತ್ತ ಅಲುಗದಂತೆ ಹಿಡಿದಿಡುವುದು ಅದೇ. ಕಮಾನಿನ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿದಾಗ ಪೂರ್ತಿ ಕುಸಿಯಬಾರದು. ಮೆತ್ತನೆ ಜೆಲ್ ಹಾಯಾಗಿರುತ್ತದೆ, ನಿಜ. ಆದರೆ ಅದು ಆಸರೆ ಕೊಡುವುದಿಲ್ಲ.

ಶೂ ಜೊತೆ ಬಂದ ಅಟ್ಟೆಯನ್ನು ತೆಗೆದು, ಆ ಜಾಗಕ್ಕೆ ಹೊಸದನ್ನು ಹಾಕಿ. ಒಂದರ ಮೇಲೊಂದು ಹಾಕಿದರೆ ಹಿಮ್ಮಡಿ ಮೇಲೆದ್ದು ಶೂವಿನಿಂದ ಜಾರುತ್ತದೆ. ಉದ್ದ ಜಾಸ್ತಿಯಾದರೆ ಹಳೇ ಅಟ್ಟೆಯನ್ನು ಮೇಲಿಟ್ಟು ಗೆರೆ ಎಳೆದು, ಬೆರಳಿನ ತುದಿಯ ಕಡೆ ಮಾತ್ರ ಕತ್ತರಿಸಿ. ಮೊದಲ ದಿನ ಒಂದೆರಡು ಗಂಟೆ ಸಾಕು, ದಿನದಿನಕ್ಕೆ ಹೆಚ್ಚಿಸಿ. ವಾರವಾದರೂ ಮಂಡಿ ಅಥವಾ ಕಮಾನು ನೋಯುತ್ತಿದ್ದರೆ ಅದು ನಿಮ್ಮ ಕಾಲಿಗೆ ಆಗಿಬರುವುದಿಲ್ಲ.

ಮತ್ತೆ ಉಳುಕದಿರಲು

ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಾಧ್ಯತೆ ಹೆಚ್ಚು. ಅದನ್ನು ತಡೆಯುವುದರಲ್ಲಿ ಇನ್‌ಸೋಲಿಗಿಂತ ದೊಡ್ಡ ಪಾಲು ವ್ಯಾಯಾಮದ್ದು. ಊತ ಇಳಿಯುವಾಗಲೇ ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಕನ್ನಡ ಅಕ್ಷರದ ಸುತ್ತುಗಳಿಗೆ ಗಿಣ್ಣು ಎಲ್ಲ ದಿಕ್ಕಿಗೂ ತಿರುಗುತ್ತದೆ, ಅಲ್ವಾ? ನೋವಿಲ್ಲದೆ ನಿಲ್ಲುವಂತಾದ ಮೇಲೆ ಗೋಡೆ ಪಕ್ಕ ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲಿ. ಅದು ಸಲೀಸಾದರೆ ಕಣ್ಣು ಮುಚ್ಚಿ ಪ್ರಯತ್ನಿಸಿ, ಕಷ್ಟ ಗೊತ್ತಾಗುತ್ತದೆ. ಹಲ್ಲುಜ್ಜುವ ಹೊತ್ತಿಗೆ ಇದನ್ನು ಸೇರಿಸಿಕೊಂಡರೆ ಮರೆಯುವುದಿಲ್ಲ. ಕಬಡ್ಡಿ, ಷಟಲ್ ಆಡುವವರು ಕೆಲವು ತಿಂಗಳು ಲೇಸ್ ಕಟ್ಟುವ ಆಂಕಲ್ ಬ್ರೇಸ್ (ಗಿಣ್ಣಿಗೆ ಆಸರೆ ಕೊಡುವ ಪಟ್ಟಿ) ಹಾಕಿಕೊಂಡು ಆಡುವುದು ಕ್ಷೇಮ.

ಶೂ ಹಾಕದವರು ಏನು ಮಾಡಬೇಕು?

ಮಂಡ್ಯ ಕಡೆ ಗದ್ದೆ ಬದುವಿನ ಮೇಲೆ, ನಾಲೆ ಏರಿ ಮೇಲೆ ಶೂ ಹಾಕಿಕೊಂಡು ಓಡಾಡುವವರು ಎಷ್ಟು ಜನ? ಹವಾಯಿ ಚಪ್ಪಲಿಗೆ ಇನ್‌ಸೋಲ್ ಕೂರುವುದಿಲ್ಲ. ಒದ್ದೆ ಬದುವಿನಲ್ಲಿ ಪಾದವೇ ಅದರಿಂದ ಜಾರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ, ಅಟ್ಟೆಗೆ ಗೆರೆ ಕೊರೆದಿರುವ ಸ್ಯಾಂಡಲ್ ಎಷ್ಟೋ ವಾಸಿ. ಬೆಲೆಯೂ ಒಳ್ಳೆಯ ಇನ್‌ಸೋಲಿಗಿಂತ ಹೆಚ್ಚೇನಿರುವುದಿಲ್ಲ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಮೇಲೆ ಹೇಳಿದ ಮೂಳೆ ಪರೀಕ್ಷೆ ನಂಬುವಂತಿಲ್ಲ, ಮುರಿದಿದ್ದರೂ ನೋವು ಗೊತ್ತಾಗದಿರಬಹುದು. ಐಸ್ ಇಟ್ಟರೂ ಚರ್ಮ ಸುಡಬಹುದು. ಇವರು ಅಂಗಡಿಯ ಗಟ್ಟಿ ಇನ್‌ಸೋಲ್ ಬದಲು ವೈದ್ಯರನ್ನು ಕೇಳಿ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಅಟ್ಟೆಯ ಪಾದರಕ್ಷೆ ಮಾಡಿಸಿಕೊಳ್ಳಲಿ. ಹಾಕಿಕೊಳ್ಳುವ ಮೊದಲು ದಿನವೂ ಒಳಗೆ ಕೈಯಾಡಿಸಿ ಕಲ್ಲು, ಮುಳ್ಳು ಏನಾದರೂ ಇದೆಯಾ ನೋಡಲಿ.